ಮಾಮಿಗೆ ಎಂತ ರೈಟ್ಸ್ ಉಂಟು

ನಮ್ಮ ಮನೆಯಲ್ಲಿ ‘ಹಕ್ಕು’ ಎಂಬ ಶಬ್ದ ಯಾರ ಬಾಯಲ್ಲೂ ಇರಲಿಲ್ಲ. ಅದು ಪೇಪರಿನಲ್ಲಿ, ಭಾಷಣದಲ್ಲಿ ಬರುವ ಶಬ್ದ. ಅಂಗಳದಲ್ಲಿ, ಬಾವಿಕಟ್ಟೆಯಲ್ಲಿ, ಉಡುಪಿಯ ಬಸ್ಸಿನಲ್ಲಿ ಬಳಕೆಯಲ್ಲಿದ್ದದ್ದು ‘ರೈಟ್ಸ್’. ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು. ಆ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಈ ಒಂದು ಶಬ್ದವನ್ನು ಬದಲಿಸಬೇಕಾಗಿಲ್ಲ. ಪಕ್ಕದ ಮನೆಯವರು ನಮ್ಮ ಬೇಲಿಯ ಬದಿಯಲ್ಲಿ ದನ ಕಟ್ಟಿದರೆ ರೈಟ್ಸ್, ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಯಾರೋ ಟವೆಲು ಹಾಕಿದರೆ ರೈಟ್ಸ್. ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ಅಜ್ಜಿ ಅದನ್ನು ಎಲ್ಲರಿಗಿಂತ ಹೆಚ್ಚು ಬಳಸುತ್ತಿದ್ದಳು. ಅಂಗಳದಲ್ಲಿ ಒಣಹಾಕಿದ ಭತ್ತಕ್ಕೆ ನೆರೆಮನೆಯ ಕೋಳಿ ಬಾಯಿ ಹಾಕಿದರೆ ಕೋಲು ಎತ್ತಿಕೊಂಡು, “ನಿನಗೆ ಎಂತ ರೈಟ್ಸ್ ಉಂಟು ಇಲ್ಲಿ?” ಎಂದು ಕೋಳಿಯನ್ನೇ ಕೇಳುತ್ತಿದ್ದಳು. ಕೋಳಿ ಉತ್ತರ ಕೊಡದೆ ಓಡುತ್ತಿತ್ತು. ಈಗ ಯೋಚಿಸಿದರೆ, ‘ನನಗೆ ರೈಟ್ಸ್ ಉಂಟು’ ಎಂದು ಆ ಮನೆಯಲ್ಲಿ ಯಾರೂ ಹೇಳಿದ್ದು ನೆನಪಿಲ್ಲ. ಇನ್ನೊಬ್ಬರಿಗೆ ಇಲ್ಲ ಎಂದು ಹೇಳಲಿಕ್ಕೇ ಆ ಶಬ್ದ ಇದ್ದದ್ದು. ಅದನ್ನು ಹಾಗೆಯೇ, ಎಲ್ಲರಿಗಿಂತ ಕೆಟ್ಟದಾಗಿ ಬಳಸಿದವಳು ನಾನು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ.

ಇನ್ನಂಜೆಯ ನಮ್ಮ ಮನೆ ಅಜ್ಜಿಯದ್ದು. ಅಜ್ಜಿಗೆ ಅವಳ ತಾಯಿಯಿಂದ ಬಂದದ್ದು, ಅಜ್ಜಿಯ ನಂತರ ನನ್ನ ಅಮ್ಮನಿಗೆ, ಅಮ್ಮನ ನಂತರ ನನಗೆ. ನಮ್ಮಲ್ಲಿ ಹಾಗೆಯೇ, ಮನೆಯೂ ಬರಿಯೂ ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತದೆ. ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಮಾಮ, ಅಂದರೆ ಅಮ್ಮನ ಅಣ್ಣ, ಯಜಮಾನಿಕೆ ನೋಡಿಕೊಂಡು ಗದ್ದೆ ಮಾಡಿಸುತ್ತಿದ್ದರು. ಅಮ್ಮ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬುದರ ಮೇಲೆ ನನಗೆ ಅಮ್ಮ ಸಿಗುವ ಹೊತ್ತು. ಅಪ್ಪ ಕಾರ್ಕಳದಲ್ಲಿ ಮೇಷ್ಟ್ರು. ಶನಿವಾರ ಮಧ್ಯಾಹ್ನ ಬಂದು ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತಿದ್ದರು. ಆ ಎರಡು ದಿನ ಅವರಿಗೆ ಚಾವಡಿಯಲ್ಲಿ ಬೆತ್ತದ ಕುರ್ಚಿ, ಬೇರೆಯೇ ಒಂದು ಲೋಟ, ಊಟಕ್ಕೆ ಮೀನಿನ ದೊಡ್ಡ ತುಂಡು. ಅಪ್ಪನ ಹಾಗೆಯೇ ಹೊರಗಿನಿಂದ ಬಂದವರು ಇನ್ನೊಬ್ಬರಿದ್ದರು, ಮಾಮನ ಹೆಂಡತಿ ಗಿರಿಜಾ ಮಾಮಿ. ಬೆಳ್ಮಣ್‌ನವರು, ಬೇರೆ ಬರಿಯವರು. ಅವರಿಗೆ ಮಕ್ಕಳಾಗಿರಲಿಲ್ಲ. ಹೊರಗಿನವರಾದ ಅಪ್ಪನಿಗೆ ಕುರ್ಚಿ ಸಿಕ್ಕಿತು, ಹೊರಗಿನವರಾದ ಮಾಮಿಗೆ ಒಲೆ ಸಿಕ್ಕಿತು. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಆಗ ನಮ್ಮಲ್ಲಿ ಯಾರಿಗೂ ಅನಿಸಿದ ಹಾಗಿಲ್ಲ.

ನನ್ನನ್ನು ಬೆಳೆಸಿದ್ದು ಮಾಮಿ. ಹಾಲು ಕುಡಿಸಿದ್ದೊಂದು ಬಿಟ್ಟು ಬಾಕಿ ಎಲ್ಲ ಅವರದ್ದೇ. ಬೆಳಿಗ್ಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆಯುತ್ತಿದ್ದರು, ಗಂಜಿಯ ಮೇಲೆ ಒಂದು ಚಮಚ ತುಪ್ಪ ಅಜ್ಜಿ ಕಾಣದ ಹಾಗೆ ಹಾಕುತ್ತಿದ್ದರು, ಗದ್ದೆಯ ಅಂಚಿನಲ್ಲಿ ಬಸ್ಸಿನ ತನಕ ಬ್ಯಾಗು ಹೊತ್ತು ಬರುತ್ತಿದ್ದರು. ಆ ಮನೆಯಿಂದ ಇಂಗ್ಲಿಷ್ ಮೀಡಿಯಂಗೆ ಹೋದ ಮೊದಲನೆಯವಳು ನಾನು. ನೆಂಟರು ಬಂದರೆ ನನ್ನನ್ನು ಚಾವಡಿಗೆ ಕರೆದು ಇಂಗ್ಲಿಷ್ ಮಾತಾಡಿಸುತ್ತಿದ್ದರು. ನಾನು ಹುಟ್ಟಾ ಜಂಬದವಳು, ಕರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಶಾಲೆಯಿಂದ ಬಂದ ಮೇಲೆ ಮಾಮಿ ಹಿತ್ತಿಲಲ್ಲಿ ಮೆಟ್ಟುಕತ್ತಿಯ ಮಣೆಯ ಮೇಲೆ ಕುಳಿತು ಮೀನು ಕೊಯ್ಯುವಾಗ ನಾನು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಅವರಿಗೆ ಪಾಠ ಹೇಳುತ್ತಿದ್ದೆ. ಮುಳ್ಳಿಗೆ ಇಂಗ್ಲಿಷಿನಲ್ಲಿ ಎಂತ, ಪೊರೆಗೆ ಎಂತ, ಬೆಕ್ಕಿಗೆ ಎಂತ. ಒಂದು ದಿನ ಅವರೇ ಕೇಳಿದರು.

“ಮಗಾ, ಈ ರೈಟ್ಸ್ ಅಂದ್ರೆ ಸರಿಯಾಗಿ ಎಂತ? ಎಲ್ಲರೂ ಹೇಳ್ತಾರೆ, ನಾನೂ ಕೇಳ್ತಾ ಇರ್ತೇನೆ.”

“ನಮ್ಮ ಪಾಠದಲ್ಲಿ ಉಂಟು ಮಾಮಿ. ಅದು ಇದ್ರೆ ನಿಮ್ಮನ್ನು ಯಾರೂ ಏಳಿ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಕೂತಲ್ಲೇ ಕೂತುಕೊಳ್ಳಬಹುದು.”

“ಒಳ್ಳೆ ಶಬ್ದ,” ಎಂದರು ಮಾಮಿ, ಬಂಗುಡೆಯ ಕಿವಿರು ಕಿತ್ತು ಬೆಕ್ಕಿಗೆ ಎಸೆಯುತ್ತ. “ಮೀನು ಕೊಯ್ಯುವಾಗ ನನ್ನನ್ನೂ ಯಾರೂ ಏಳಿಸುವುದಿಲ್ಲ ನೋಡು.”

ಇಬ್ಬರೂ ನಕ್ಕೆವು. ಅವರ ನಗುವಿನಲ್ಲಿ ಏನಿತ್ತೆಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಂಗಳವಾರ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮ. ಒಳಕೋಣೆಯಲ್ಲಿ ದೀಪ ಹಚ್ಚಿ, ಐದು ಮಂದಿ ಹಿರಿಯರಿಗೆ ಐದು ಬಾಳೆ ಎಲೆ ಹಾಕಿ, ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಕಡುಬು, ಕೊನೆಗೆ ಹುರಿದ ಅಂಜಲ್ ಮೀನಿನ ಒಂದೊಂದು ತುಂಡು. ಬಡಿಸಿ ಮುಗಿದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕುಳಿತುಕೊಳ್ಳಬೇಕು. ಅವರು ಉಣ್ಣುವಷ್ಟು ಹೊತ್ತು ಮಾತು ತಗ್ಗಿಸಬೇಕು. ಆಮೇಲೆ ಬಾಗಿಲು ತಟ್ಟಿ ತೆರೆದು, ಆ ಅಡುಗೆಯನ್ನೇ ನಾವು ಉಣ್ಣುವುದು. ಅಡುಗೆಯನ್ನು ಯಾರೂ ಮಾಡಬಹುದು, ನಮ್ಮಲ್ಲಿ ಮಾಮಿಯೇ ಮಾಡುತ್ತಿದ್ದರು. ಬಡಿಸುವ ಕೈ ಮಾತ್ರ ಮನೆಯ ಬರಿಯ ಹೆಣ್ಣಿನದ್ದೇ ಆಗಬೇಕು. ಮತ್ತು ಹಿರಿಯರಿಗಿಂತ ಮೊದಲು ಒಂದು ಅಗುಳನ್ನೂ ಯಾರೂ ಬಾಯಿಗೆ ಹಾಕಬಾರದು. ಉಪ್ಪು ಸರಿಯಾಗಿದೆಯೋ ಎಂದು ನೋಡುವ ಹಾಗೂ ಇಲ್ಲ. ಮಾಮಿ ಮೂಗಿನಲ್ಲೇ ಉಪ್ಪು ನೋಡುತ್ತಿದ್ದರು, ಹಬೆಯ ವಾಸನೆಯಿಂದ. ಅದು ಹೇಗೆ ಸಾಧ್ಯವೋ ನನಗೆ ಇವತ್ತಿಗೂ ತಿಳಿದಿಲ್ಲ, ಆದರೆ ಒಂದು ವರ್ಷವೂ ತಪ್ಪಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಆ ಮಂಗಳವಾರ ಅಮ್ಮನಿಗೆ ಮಧ್ಯಾಹ್ನದ ಡ್ಯೂಟಿ ಬಿತ್ತು, ರಜೆ ಸಿಗಲಿಲ್ಲ. ಅಜ್ಜಿಗೆ ಮಂಡಿನೋವು, ಬಗ್ಗಿ ಬಡಿಸಲು ಆಗುತ್ತಿರಲಿಲ್ಲ. ಹಾಗಾಗಿ ಬಡಿಸುವ ಕೈ ನನ್ನದಾಯಿತು. ಹೊಸ ಲಂಗ ಉಟ್ಟು ಬೆಳಗಿನಿಂದ ಮನೆಯೆಲ್ಲ ತಿರುಗಿದೆ. ಸಂಜೆಯ ಹೊತ್ತಿಗೆ ಎಂಟು ಹತ್ತು ಮಂದಿ ನೆಂಟರು ಚಾವಡಿಯಲ್ಲಿ ಸೇರಿದ್ದರು. ಮಾಮಿ ಎಲೆ ಕೊಯ್ಯಲು ಹಿತ್ತಿಲಿಗೆ ಹೋದರು. ಅಡುಗೆಮನೆಯಲ್ಲಿ ನಾನು ಒಬ್ಬಳೇ. ಬಾಳೆ ಎಲೆ ಮುಚ್ಚಿದ ತಟ್ಟೆಯಲ್ಲಿ ಐದು ತುಂಡು ಅಂಜಲ್, ಅಂಚಿನಲ್ಲಿ ಹುರಿದ ಮಸಾಲೆ ಗರಿಗರಿಯಾಗಿ ನಿಂತಿತ್ತು. ನಾನು ಒಂದು ತುಂಡು ತೆಗೆದು ತಿಂದೆ. ಹಸಿವಾಗಿತ್ತು ಎಂದು ಹೇಳಲಾರೆ, ಮೂರು ಗಂಟೆಗೆ ತಾನೇ ಅವಲಕ್ಕಿ ತಿಂದಿದ್ದೆ. ಈ ಮನೆ ನನ್ನದು, ಇವತ್ತು ದಿನವೂ ನನ್ನದು ಎಂಬ ಸೊಕ್ಕು, ಬೇರೆ ಏನೂ ಅಲ್ಲ. ಮುಳ್ಳನ್ನು ಒಲೆಗೆ ಹಾಕಿ ತಿರುಗಿದರೆ ಬಾಗಿಲಲ್ಲಿ ಮಾಮಿ ಎಲೆ ಹಿಡಿದುಕೊಂಡು ನಿಂತಿದ್ದರು. ತಟ್ಟೆಯನ್ನು ನೋಡಿದರು, ನನ್ನ ಮುಖ ನೋಡಿದರು.

“ಹೋಗು, ಬಾಯಿ ತೊಳೆದುಕೊಂಡು ಬಾ,” ಎಂದರು. ಅಷ್ಟೇ.

ಬಾವಿಕಟ್ಟೆಯಲ್ಲಿ ಮೂರು ಸಲ ಬಾಯಿ ತೊಳೆದೆ. ಹಿರಿಯರ ಪಾಲನ್ನು ಮೊದಲೇ ಎಂಜಲು ಮಾಡಿದವರಿಗೆ ಏನಾಗುತ್ತದೆ ಎಂಬ ಕಥೆಗಳನ್ನು ಅಜ್ಜಿ ಸಾಕಷ್ಟು ಹೇಳಿದ್ದಳು. ಆದರೆ ಸತ್ಯ ಹೇಳುತ್ತೇನೆ, ಸತ್ತವರಿಗೆ ನಾನು ಅಷ್ಟು ಹೆದರಿರಲಿಲ್ಲ. ಮಾಮಿ ಅಜ್ಜಿಗೆ ಹೇಳಿಬಿಟ್ಟರೆ, ನೆಂಟರೆದುರು ನನ್ನ ಕೈಯಿಂದ ಸೌಟು ಕಿತ್ತುಕೊಂಡರೆ ಎಂಬುದೇ ನನ್ನ ಹೆದರಿಕೆ.

ದೀಪ ಹಚ್ಚಿದರು. ನಾನು ಒಳಕೋಣೆಗೆ ಹೋಗಿ ಅನ್ನ ಬಡಿಸಿದೆ, ಸಾರು ಬಡಿಸಿದೆ, ಕಡುಬು ಇಟ್ಟೆ. ಅಜ್ಜಿ ಬಾಗಿಲ ಪಕ್ಕದಲ್ಲಿ ಮಣೆ ಹಾಕಿ ಕುಳಿತಿದ್ದಳು, ಹಿಂದೆ ಮಾಮನೂ ನೆಂಟರೂ ಕೈ ಮುಗಿದು ನಿಂತಿದ್ದರು. ಕೊನೆಗೆ ಮಾಮಿ ಮೀನಿನ ತಟ್ಟೆ ತಂದರು. ನನಗೆ ಕೊಡುವ ಬದಲು ಹೊಸ್ತಿಲ ಮೇಲೆ ಒಂದು ಕಾಲಿಟ್ಟರು.

“ಇದನ್ನು ನಾನು ಇಡ್ತೇನೆ ಮಗಾ. ನೀನು ಸ್ವಲ್ಪ ಈಚೆ ಬಾ.”

ಈಗ ಹೇಳಿಬಿಡುತ್ತಾರೆ ಎಂದುಕೊಂಡೆ. ಇನ್ನೇನು ತಟ್ಟೆ ತೋರಿಸಿ, ಒಂದು ತುಂಡು ಕಡಿಮೆ ಉಂಟು, ಇವಳನ್ನು ಕೇಳಿ ಎನ್ನುತ್ತಾರೆ. ಅವರು ಬಾಯಿ ತೆರೆಯುವ ಮೊದಲು ನಾನೇ ತೆರೆದೆ.

“ನೀವು ಒಳಗೆ ಬರಬಾರದು. ನಿಮಗೆ ಎಂತ ರೈಟ್ಸ್ ಉಂಟು ಈ ಮನೆಯಲ್ಲಿ?”

ಬಹುವಚನ ಮಾತ್ರ ಬಿಟ್ಟಿರಲಿಲ್ಲ. ಹಿಂದಿನಿಂದ ಯಾರೋ ನಕ್ಕರು. “ಇಂಗ್ಲಿಷ್ ಮೀಡಿಯಂ ಅಲ್ವಾ,” ಎಂದರು ಇನ್ನೊಬ್ಬರು. ನಾನು ಮಾಮನ ಮುಖ ನೋಡಿದೆ, ಬೈಯುತ್ತಾರೆಂದು. ಅವರಿಗೂ ನಗು ಬಂದಿತ್ತು.

“ಅವಳು ಹೇಳಿದ್ರಲ್ಲಿ ತಪ್ಪು ಎಂತ ಉಂಟು? ಕ್ರಮ ಕ್ರಮವೇ. ಗಿರಿಜಾ, ಕೊಡು ಅವಳಿಗೆ.”

ಮಾಮಿ ಹೊಸ್ತಿಲಿಂದ ಕಾಲು ತೆಗೆದರು, ತಟ್ಟೆ ನನ್ನ ಕೈಗೆ ಕೊಟ್ಟರು. ಎಲೆ ಸರಿಸಿ ನೋಡಿದರೆ ತಟ್ಟೆಯಲ್ಲಿ ಐದು ತುಂಡು ಇತ್ತು. ಉಳಿದ ನಾಲ್ಕರಲ್ಲಿ ಒಂದನ್ನು ಅವರು ಎರಡು ಮಾಡಿದ್ದರು. ಕೊಯ್ದ ಬದಿ ಕಾಣದ ಹಾಗೆ ಕಡುಬಿನ ಮರೆಯಲ್ಲಿ ಇಡುವುದು ಅವರ ಲೆಕ್ಕಾಚಾರ. ನನ್ನ ಕೈಯಲ್ಲಿ ಅದು ಆಗಲಿಕ್ಕಿಲ್ಲ ಎಂದೇ ತಾವೇ ಇಡಲು ಬಂದದ್ದು. ನನಗೆ ಅದು ಹೊಳೆದದ್ದು ತಟ್ಟೆ ಕೈಗೆ ಬಂದ ಮೇಲೆ. ಇಟ್ಟೆ, ಹೇಗೆ ಬಂತೋ ಹಾಗೆ. ಅಜ್ಜಿಯ ಕಣ್ಣು ಚುರುಕು.

“ಇದೆಂತ? ಎರಡು ಎಲೆಗೆ ಅರ್ಧರ್ಧ ತುಂಡು?”

ನಾನು ತಟ್ಟೆ ಹಿಡಿದು ನಿಂತಿದ್ದೆ. ಹೇಳುವುದಕ್ಕೆ ಬೇಕಾದಷ್ಟು ಹೊತ್ತು ಸಿಕ್ಕಿತ್ತು, ಇಲ್ಲ ಎನ್ನಲಾರೆ. ದೀಪದ ಬತ್ತಿ ಒಮ್ಮೆ ಚಟಪಟ ಎಂದದ್ದೂ ನೆನಪಿದೆ.

“ಉಪ್ಪು ನೋಡಿದೆ ಅತ್ತೆ,” ಎಂದರು ಮಾಮಿ. “ನನ್ನಿಂದ ತಪ್ಪಾಯ್ತು.”

ಹಬೆಯಲ್ಲೇ ಉಪ್ಪು ನೋಡುವ ಹೆಂಗಸು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆದರೂ ಎಲ್ಲರೂ ನಂಬಿದರು. ನಂಬಲಿಕ್ಕೆ ಎರಡು ನಿಮಿಷದ ಹಿಂದೆ ನಾನೇ ದಾರಿ ಮಾಡಿಕೊಟ್ಟಿದ್ದೆ. ಅಜ್ಜಿ ದನಿ ಏರಿಸಲಿಲ್ಲ. ಹೊರಗಿನವರ ಕೈಗೆ ಬಿಟ್ಟದ್ದು ತನ್ನದೇ ತಪ್ಪು ಎಂದಳು. ಮುಂದಿನ ವರ್ಷದಿಂದ ಈ ಅಡುಗೆಗೆ ನೀನು ಕೈ ಹಾಕುವುದು ಬೇಡ ಎಂದಳು. ಬಾಗಿಲು ಮುಚ್ಚಿ ನಾವೆಲ್ಲ ಅಂಗಳದಲ್ಲಿ ಕುಳಿತೆವು, ಮಾಮಿ ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಊಟಕ್ಕೆ ಕುಳಿತಾಗ ಎಲೆಯಿಂದ ತೆಗೆದ ಮೀನಿನಲ್ಲಿ ಒಂದು ಇಡೀ ತುಂಡು ನನ್ನ ತಟ್ಟೆಗೆ ಬಂತು, ಬಡಿಸಿದವಳಲ್ಲವೇ. ನಾನು ತಿಂದೆ. ರುಚಿಯಾಗಿಯೇ ಇತ್ತು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಇಳಿಯಿತು.

ಮರುದಿನ ಬೆಳಿಗ್ಗೆ ಎಂದಿನಂತೆ ಜಡೆ ಹೆಣೆದರು. ನಾನು ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದೆ, ಅವರು ಹಿಂದೆ. ರಿಬ್ಬನ್ನಿನ ಗಂಟು ಹಾಕುತ್ತ ಹೇಳಿದರು.

“ಶಬ್ದ ನೀನು ಸರಿಯಾಗಿಯೇ ಹೇಳಿದೆ ಮಗಾ. ಒಂದು ಅಕ್ಷರ ತಪ್ಪಲಿಲ್ಲ.”

ಕುಟುಕಿದ್ದೋ ಮೆಚ್ಚಿದ್ದೋ, ಐವತ್ತು ದಾಟಿದ ಮೇಲೂ ನನಗೆ ತೀರ್ಮಾನವಾಗಿಲ್ಲ. ಗಂಜಿಯ ಮೇಲೆ ಅವತ್ತೂ ತುಪ್ಪ ಇತ್ತು. ಅದಾದ ಮೇಲೆ ಪ್ರತಿ ವರ್ಷ ಆ ಮಂಗಳವಾರ ಮಾಮಿ ಬೆಳಗಿನ ಬಸ್ಸಿಗೆ ಬೆಳ್ಮಣ್‌ಗೆ ಹೋಗಿ ಬುಧವಾರ ಬರುತ್ತಿದ್ದರು. ಅಡುಗೆಗೆ ಅಜ್ಜಿಯ ತಂಗಿಯ ಮಗಳೊಬ್ಬಳು ಬರುತ್ತಿದ್ದಳು. ಒಂದು ವರ್ಷ ಉಪ್ಪು ಜಾಸ್ತಿ, ಒಂದು ವರ್ಷ ಉಪ್ಪೇ ಇಲ್ಲ. ಹಿರಿಯರು ಏನು ಅಂದುಕೊಂಡರೋ. ಹೇಳಬೇಕು ಎಂದು ನಾನು ಎಷ್ಟೋ ಸಲ ಹೊರಟಿದ್ದೇನೆ. ಹತ್ತನೇ ಕ್ಲಾಸು ಪಾಸಾದಾಗ ಎಲ್ಲರೂ ಖುಷಿಯಲ್ಲಿದ್ದರು, ಆಗ ಹೇಳಬಹುದಿತ್ತು. ಅಜ್ಜಿ ಹಾಸಿಗೆ ಹಿಡಿದಾಗ ಅವಳ ಕಿವಿಯ ಹತ್ತಿರ ಬಗ್ಗಿದೆ ಕೂಡ. ಅವಳು, “ಎಂತ ಬಾಲೆ?” ಎಂದು ಕೇಳಿದಳು. ನೀರು ಬೇಕಾ ಎಂದು ಕೇಳಿ ಎದ್ದೆ. ಅಜ್ಜಿ ಹೋದ ಮೇಲೆ ಒಳಕೋಣೆಯಲ್ಲಿ ಆರನೆಯ ಎಲೆ ಬಿತ್ತು, ಅದಕ್ಕೂ ನಾನೇ ಬಡಿಸಿದೆ.

ಮಾಮ ತೀರಿಕೊಂಡಾಗ ನನಗೆ ಮದುವೆಯಾಗಿ ಅಂಬಲಪಾಡಿಯಲ್ಲಿ ಸಂಸಾರ. ಯಜಮಾನ ಹೋದರೆ ಅವನ ಹೆಂಡತಿ ತನ್ನ ತಾಯಿಮನೆಗೆ ಮರಳುವುದು ಹಳೆಯ ರೂಢಿ. ಆ ಹೊತ್ತಿಗೆ ಯಾರ ಮನೆಯಲ್ಲೂ ಅದನ್ನು ಹಾಗೆ ಹಿಡಿದು ನಡೆಸುತ್ತಿರಲಿಲ್ಲ. ಇರಿ ಎಂದು ಮನೆಯವರು ಒಂದು ಮಾತು ಹೇಳಿದ್ದರೆ ಮಾಮಿ ಉಳಿಯುತ್ತಿದ್ದರು. ಆ ಮಾತನ್ನು ಅವರು ಅಮ್ಮನ ಹತ್ತಿರ ಕೇಳಿದರಂತೆ; ಅಮ್ಮ, “ಜಯಳನ್ನು ಕೇಳಿ ಅತ್ತಿಗೆ, ನಾಳೆ ಮನೆ ಅವಳದ್ದೇ ಅಲ್ವಾ,” ಎಂದು ನನ್ನ ತಲೆಗೆ ಹಾಕಿದಳು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮರುದಿನ ನಾನು ಹಿತ್ತಿಲಿಗೆ ಬಂದರೆ ಮಾಮಿ ಮೆಟ್ಟುಕತ್ತಿಯ ಮಣೆಯ ಮೇಲೆ ಕುಳಿತಿದ್ದರು. ಎದುರಿಗೆ ಮೀನು ಇರಲಿಲ್ಲ.

“ಮಗಾ, ನಾನು ಇಲ್ಲಿ ಇರುವುದೋ, ಬೆಳ್ಮಣ್‌ಗೆ ಹೋಗುವುದೋ?”

“ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ, ಮಾಮಿ.”

ಎಷ್ಟು ಮರ್ಯಾದೆಯ ಮಾತು ನೋಡಿ. ಹತ್ತು ವರ್ಷದ ಹುಡುಗಿ ಹೆದರಿ ಹೇಳಿದ್ದನ್ನು ಯಾರಾದರೂ ಕ್ಷಮಿಸಬಹುದು. ಇದನ್ನು ಹೇಳಿದವಳು ಮೂವತ್ತರ ಹೆಂಗಸು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಯೋಚಿಸಿ ಹೇಳಿದವಳು. ಅವರು ಆ ಮನೆಯಲ್ಲಿ ಇರುವ ತನಕ ಆ ಮೀನಿನ ತುಂಡಿಗೆ ಒಬ್ಬರು ಸಾಕ್ಷಿ ಇದ್ದರು. ಅವರು ಹೋಗಲಿ ಎಂದು ನನ್ನ ಮನಸ್ಸಿನ ಯಾವುದೋ ಮೂಲೆ ಬಯಸಿತ್ತು. ಮಾಮಿ ಮಂಡಿಗೆ ಕೈ ಊರಿ ಮಣೆಯಿಂದ ಎದ್ದರು. ಮಣೆಯನ್ನು ತೊಳೆದು ಗೋಡೆಗೆ ಒರಗಿಸಿದರು. ಸಂಜೆಯ ಬಸ್ಸಿಗೆ ಒಂದು ಟ್ರಂಕು, ಒಂದು ಚೀಲ. ಬಸ್ಸಿನ ತನಕ ನಾನೇ ಟ್ರಂಕು ಹಿಡಿದುಕೊಂಡು ಹೋದೆ, ಗದ್ದೆಯ ಅಂಚಿನಲ್ಲಿ, ಅವರು ನನ್ನ ಬ್ಯಾಗು ಹೊತ್ತು ಬರುತ್ತಿದ್ದ ದಾರಿಯಲ್ಲೇ.

ಬೆಳ್ಮಣ್‌ನಲ್ಲಿ ಅವರು ತಂಗಿಯ ಮಗಳು ಶಶಿಕಲಾಳ ಜೊತೆ ಬಹಳ ವರ್ಷ ಇದ್ದರು. ನಾನು ವರ್ಷಕ್ಕೊಮ್ಮೆ ಸೀರೆ, ಹಣ್ಣು ತೆಗೆದುಕೊಂಡು ಹೋಗಿ, ಅರ್ಧ ಗಂಟೆ ಕುಳಿತು, ಬಸ್ಸಿಗೆ ಹೊತ್ತಾಯಿತು ಎಂದು ಏಳುತ್ತಿದ್ದೆ. ಹೋದ ವರ್ಷ ಮಳೆಗಾಲ ಮುಗಿಯುವಾಗ ತೀರಿಕೊಂಡರು. ಈ ಸಲ ದೀಪಾವಳಿ ಕಳೆದ ಮೇಲೆ ಶಶಿಕಲಾ ಫೋನ್ ಮಾಡಿದಳು. “ಅಕ್ಕ, ದೊಡ್ಡಮ್ಮನಿಗೆ ಮೊದಲ ವರ್ಷ ಎಲೆ ಹಾಕುವುದು ಮಂಗಳವಾರ. ನೀವು ಬರಲೇಬೇಕು.” ಆ ಮಂಗಳವಾರ ಬೆಳಿಗ್ಗೆಯೇ ಮೀನು ಮಾರ್ಕೆಟಿಗೆ ಹೋಗಿ ಅಂಜಲ್ ತಂದೆ. ಒಂದೇ ತುಂಡು ಹುರಿದೆ. ಉಪ್ಪು ನೋಡಲಿಲ್ಲ, ಹಬೆಗೆ ಮೂಗು ಹಿಡಿದು ನೋಡಿದೆ, ನನಗೆ ಏನೂ ತಿಳಿಯಲಿಲ್ಲ. ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಅವರ ಮನೆಯ ಒಳಕೋಣೆಯಲ್ಲಿ ದೀಪ ಹಚ್ಚಿ ಆಗಿತ್ತು. ಹೊಸ ಎಲೆ ಕೊನೆಯಲ್ಲಿತ್ತು. ಶಶಿಕಲಾ ಅನ್ನ, ಸಾರು, ಕಡುಬು ಬಡಿಸಿ ಹೊರಗೆ ಬಂದಳು. ನಾನು ಹೊಸ್ತಿಲ ಈಚೆ ನಿಂತು ಡಬ್ಬಿ ಮುಂದೆ ಹಿಡಿದೆ.

“ಇದನ್ನು ನೀನೇ ಇಡು ಶಶಿ. ನಾನು ನಿಮ್ಮ ಬರಿಯವಳಲ್ಲ, ಒಳಗೆ ಬರಬಾರದು.”

“ಎಂತ ಮಾತಾಡ್ತೀರಿ ಅಕ್ಕ? ನೀವೇ ಇಡಬೇಕು. ದೊಡ್ಡಮ್ಮ ಹೇಳಿ ಇಟ್ಟದ್ದುಂಟು, ಜಯ ಬಂದ್ರೆ ಅವಳೇ ಬಡಿಸಲಿ ಅಂತ.” ಡಬ್ಬಿ ತೆಗೆದುಕೊಳ್ಳದೆ ನನ್ನ ಕೈಯನ್ನೇ ಹಿಡಿದಳು. “ಆ ಕಥೆ ನಮಗೆಲ್ಲ ಬಾಯಿಪಾಠ. ನೀವು ಸಣ್ಣವರಿರುವಾಗ ಹೀಗೆಯೇ ಬಡಿಸುವ ದಿನ ಯಾರೋ ದೊಡ್ಡಮ್ಮನನ್ನು ಹೊಸ್ತಿಲಲ್ಲಿ ತಡೆದ್ರಂತೆ. ಆಗ ಅಷ್ಟು ಜನರ ಎದುರು ನೀವು, ನಮ್ಮ ಮಾಮಿಗೂ ರೈಟ್ಸ್ ಉಂಟು ಅಂತ ಹೇಳಿದ್ರಂತೆ ಅಲ್ವಾ. ಹತ್ತು ವರ್ಷದ ಬಾಲೆ. ಅದನ್ನು ಹೇಳುವಾಗ ದೊಡ್ಡಮ್ಮನ ಮುಖ ನೀವು ನೋಡಬೇಕಿತ್ತು.”

ಅಷ್ಟು ವರ್ಷ ಬೆಳ್ಮಣ್‌ನ ಈ ಚಾವಡಿಯಲ್ಲಿ ಕುಳಿತು ಮಾಮಿ ನನ್ನ ಮಾತನ್ನು ತಿದ್ದಿ, ನಾನು ಹೇಳಬೇಕಾಗಿದ್ದದ್ದನ್ನು ನನ್ನ ಬಾಯಿಗೆ ಇಟ್ಟು, ತಮ್ಮವರಿಗೆಲ್ಲ ಹಂಚಿದ್ದರು. ‘ಹಾಗಲ್ಲ ಶಶಿ, ತಡೆದವಳು ನಾನೇ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅಜ್ಜಿಯ ಕಿವಿಯ ಹತ್ತಿರ ಬಂದ ಹಾಗೆಯೇ ಬಂತು, ಹಾಗೆಯೇ ಹೋಯಿತು. ಹೊಸ್ತಿಲು ದಾಟಿದೆ. ಎಲೆಯ ಮೇಲೆ ಇಡೀ ತುಂಡು ಇಟ್ಟೆ. ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದು ಕುಳಿತೆವು. ಶಶಿಕಲಾಳ ಮನೆಯವರು ನನಗೆ ಕುರ್ಚಿ ತಂದು ಹಾಕಿದರು. ಒಳಗೆ ಮಾಮಿ ಉಣ್ಣುತ್ತಿದ್ದರು. ಹೊರಗೆ ನಾನು ಅವರು ಕೊಟ್ಟ ಒಳ್ಳೆಯ ಹೆಸರಿನ ಮೇಲೆ ಕುಳಿತಿದ್ದೆ, ಏಳಿ ಎಂದು ನನಗೆ ಯಾರೂ ಹೇಳಲಿಲ್ಲ.

ಶಶಿಕಲಾ ಓದುವವಳು, ಇದನ್ನೂ ಓದುತ್ತಾಳೆ. ಓದಿದ ಮೇಲೆ ಮುಂದಿನ ವರ್ಷ ನನ್ನನ್ನು ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಕರೆದರೆ ಹೋಗುತ್ತೇನೆ, ಹೊಸ್ತಿಲ ಈಚೆ ನಿಲ್ಲು ಎಂದರೆ ನಿಲ್ಲುತ್ತೇನೆ. ಕರೆಯದಿದ್ದರೆ, ಯಾಕೆ ಕರೆಯಲಿಲ್ಲ ಎಂದು ಕೇಳಲಿಕ್ಕೆ ನನಗೆ ಎಂತ ರೈಟ್ಸ್ ಉಂಟು.